ಎರಡನ್ನೂ ನೋಡಿ ಎನ್ನುತ್ತಿದ್ದ ಬೋರಲಿಂಗಣ್ಣ

ಗಿರಾಕಿ ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಬೋರಲಿಂಗಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎರಡು ಹೆಜ್ಜೆ ಸರಿದು ನಿಲ್ಲುತ್ತಿದ್ದರು. ಕೂತವರು ತಡಕಾಡಲಿ, ತಪ್ಪು ಗುಂಡಿ ಒತ್ತಲಿ, ಹಣೆ ಬೆವರಲಿ, ಆ ಕೈಗಳು ಮಾತ್ರ ಮುಂದಕ್ಕೆ ಬರುತ್ತಿರಲಿಲ್ಲ. ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳುತ್ತಿದ್ದರು, ಅಷ್ಟೆ. ಅರ್ಧ ಗಂಟೆ ಒಂದು ಮಿಷಿನ್ನಿನ ಮುಂದೆ, ನಡುವೆ ಒಂದು ಟೀ, ಆಮೇಲೆ ಅರ್ಧ ಗಂಟೆ ಪಕ್ಕದ್ದರ ಮುಂದೆ. ಅದು ಮುಗಿಯದೆ ಅವರು ಯಾರಿಗೂ ಕಂಪ್ಯೂಟರ್ ಮಾರಿದವರಲ್ಲ. ಅವಸರದಲ್ಲಿ ಬಂದವರಿಗೆ ಇನ್ನೊಂದು ದಿನ ಬನ್ನಿ ಎಂದು ಹೇಳಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಪಾಂಡವಪುರದ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಅವರ ಅಂಗಡಿ. ಹೊರಗೆ ನೋಡಿದರೆ ಕನ್ನಡಕದ ಅಂಗಡಿಯೇ. ಗಾಜಿನ ಬೀರುವಿನಲ್ಲಿ ಸಾಲಾಗಿ ಫ್ರೇಮುಗಳು, ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಲಗೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅಂಗಡಿಯ ಎಡಭಾಗದಲ್ಲಿ ಒಂದು ಉದ್ದನೆಯ ಮೇಜು ಬಂತು, ಅದರ ಮೇಲೆ ಎರಡು ಕಂಪ್ಯೂಟರ್ ಬಂದವು. ನನ್ನ ಪ್ರೆಸ್ಸು ಅದೇ ಬೀದಿಯಲ್ಲಿ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಚುನಾವಣೆ ಬಂದರೆ ಕರಪತ್ರ. ಅಪ್ಪನಿಂದ ಬಂದ ಸೀಸದ ಅಚ್ಚುಗಳನ್ನು ಒಂದೊಂದಾಗಿ ಜೋಡಿಸಿ ಮಾಡುವ ಕೆಲಸ.

ಬೋರಲಿಂಗಣ್ಣನಿಗೆ ಕಂಪ್ಯೂಟರಿನ ಹುಚ್ಚು ಹಿಡಿದದ್ದು ಮೈಸೂರಿನಲ್ಲಿ. ಲೆನ್ಸ್ ತರಲು ಹೋಗುತ್ತಿದ್ದ ಬೀದಿಯಲ್ಲೇ ಒಬ್ಬ ಸಗಟು ವ್ಯಾಪಾರಿ ಕಂಪ್ಯೂಟರ್ ಮಾರುತ್ತಿದ್ದ. ಅವನಿಂದ ಒಂದನ್ನು ಕೊಂಡು ತಂದರು. ಅದರೊಳಗೆ ವಿಂಡೋಸ್ ಹಾಕಿಯೇ ಕೊಟ್ಟಿದ್ದ. ಗುಂಡಿ ಒತ್ತಿದಾಗ ಎದ್ದು ಇಡೀ ಪೆಟ್ಟಿಗೆಯನ್ನು ನಡೆಸುವ ವ್ಯವಸ್ಥೆಯೊಂದು ಒಳಗಿರುತ್ತದೆ, ಅದಕ್ಕೆ ಆಪರೇಟಿಂಗ್ ಸಿಸ್ಟಂ ಅನ್ನುತ್ತಾರೆ ಎಂಬುದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಕಂಪ್ಯೂಟರೆಂದರೆ ಅದೇ, ಅದು ಇರುವುದೇ ಹಾಗೆ ಅಂದುಕೊಂಡಿದ್ದೆವು. ಆರು ತಿಂಗಳ ಮೇಲೆ ಕನ್ನಡಕ ಮಾಡಿಸಲು ಬಂದ ಕಾಲೇಜಿನ ಮೇಷ್ಟ್ರೊಬ್ಬರು ಪತ್ರಿಕೆಯ ಜೊತೆ ಬಂದ ಒಂದು ಸಿ.ಡಿ. ಕೊಟ್ಟು ಹೋದರು. ಅದರಲ್ಲಿ ಲಿನಕ್ಸ್ ಇತ್ತು. ಹಾಕಿ ನೋಡಿದರೆ ಅದೇ ಪೆಟ್ಟಿಗೆ ಬೇರೆಯೇ ಮುಖ ತೋರಿಸಿತು. ಅದು ಪುಕ್ಕಟೆ ಬೇರೆ, ಯಾರಿಗೆ ಬೇಕಾದರೂ ನಕಲು ಮಾಡಿ ಕೊಡಬಹುದಿತ್ತು. ಅದನ್ನು ಕಂಡು ಅವರಿಗೆ ಖುಷಿಗಿಂತ ಹೆಚ್ಚಾಗಿ ನೋವಾಯಿತು. “ಇನ್ನೊಂದು ಅದೆ ಅಂತ ಒಂದ್ ಮಾತು ಏಳ್ನಿಲ್ವಲ್ಲ ಕಣವ್ವ ಆ ಮನ್ಸ” ಎಂದು ವಾರಗಟ್ಟಲೆ ಹೇಳಿಕೊಂಡು ತಿರುಗಿದರು. ಆಮೇಲೆ ಅವನಿಂದಲೇ ಇನ್ನೊಂದು ಪೆಟ್ಟಿಗೆ ತಂದು ಪಕ್ಕದಲ್ಲಿಟ್ಟು, ಅವನ ಏಜೆಂಟರಾಗಿ, ಎರಡನ್ನೂ ತೋರಿಸಿ ಮಾರತೊಡಗಿದರು.

ಈ ಸ್ವಭಾವ ಕನ್ನಡಕದಿಂದಲೇ ಬಂದದ್ದು. ಹರೆಯದಲ್ಲಿ ಅವರು ಲೆನ್ಸಿನ ಪೆಟ್ಟಿಗೆ ಹೊತ್ತು ನಾಗಮಂಗಲ, ಕೆ.ಆರ್. ಪೇಟೆಯ ಸಂತೆಗಳಲ್ಲಿ ತಿರುಗುತ್ತಿದ್ದರಂತೆ. ಒಂದು ಸಲ ಒಬ್ಬ ಅಜ್ಜಿ ಯಾವ ಗಾಜು ಇಟ್ಟರೂ ಚೆನ್ನಾಗಿ ಕಾಣುತ್ತದೆ ಎಂದು ತಲೆ ಆಡಿಸಿದಳು. ಅನುಮಾನ ಬಂದು ಪವರೇ ಇಲ್ಲದ ಬರಿ ಗಾಜು ಇಟ್ಟರು. ಅದಕ್ಕೂ ಚೆನ್ನಾಗಿದೆ ಅಂದಳು. ಪಾಪ, ಕಾಣುವುದಿಲ್ಲ ಎನ್ನಲು ಅವಳಿಗೆ ನಾಚಿಕೆ. ಇವರು ಪಕ್ಕದ ದರ್ಜಿಯಿಂದ ಸೂಜಿ ದಾರ ತಂದು ಅವಳ ಕೈಗೆ ಕೊಟ್ಟು, ಒಂದೊಂದೇ ಗಾಜು ಬದಲಿಸುತ್ತಾ ಹೋದರು. ಐದನೆಯದಕ್ಕೋ ಆರನೆಯದಕ್ಕೋ ದಾರ ಸೂಜಿಯ ಕಣ್ಣಿಗೆ ಹೊಕ್ಕಿತು. ಅಜ್ಜಿ ಸೂಜಿ ಬಿಟ್ಟು ಅವರ ಮುಖ ಹಿಡಿದು ನೋಡಿದಳಂತೆ. ಅಂದಿನಿಂದ ಕನ್ನಡಕಕ್ಕೆ ಬರುವವರು ತಮ್ಮ ಕೆಲಸ ಜೊತೆಗೆ ತರಬೇಕು ಎಂಬುದು ನಿಯಮವಾಯಿತು. ದರ್ಜಿ ಬಟ್ಟೆ ತರಬೇಕು, ಮೇಷ್ಟ್ರು ಪುಸ್ತಕ ತರಬೇಕು. ಕಂಪ್ಯೂಟರ್ ಮಾರಲು ನಿಂತಾಗಲೂ ಅವರು ಮೊದಲು ಕೇಳುತ್ತಿದ್ದದ್ದು ಅದನ್ನೇ, ಏನು ಕೆಲಸ ತಂದಿದ್ದೀರಿ ಎಂದು.

ನಾನು ಲಗ್ನಪತ್ರಿಕೆ ತೆಗೆದುಕೊಂಡು ಹೋಗಿದ್ದೆ. ಆಗ ನನ್ನ ಪ್ರೆಸ್ಸಿಗೆ ಕಷ್ಟದ ಕಾಲ. ಮೈಸೂರಿನ ಕಂಪ್ಯೂಟರ್ ಅಕ್ಷರದ ಪತ್ರಿಕೆ ನೋಡಿದವರು ನನ್ನ ಸೀಸದ ಅಕ್ಷರವನ್ನು ಒಲ್ಲೆ ಅನ್ನುತ್ತಿದ್ದರು. ಈ ಸಲ ತಪ್ಪು ಯಂತ್ರ ಕೊಂಡರೆ ಇನ್ನೊಂದು ಕೊಳ್ಳುವ ಶಕ್ತಿ ನನಗಿರಲಿಲ್ಲ. ಎರಡನ್ನೂ ಅರ್ಧರ್ಧ ಗಂಟೆ ನೋಡಿದೆ. ಬೋರಲಿಂಗಣ್ಣನ ಪ್ರೀತಿ ಯಾವುದರ ಮೇಲೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ನನಗೂ ಲಿನಕ್ಸೇ ಹಿಡಿಸಿತು. ವಿಂಡೋಸ್ ನಾನು ನೋಡುತ್ತಿದ್ದಾಗಲೇ ಒಂದು ಸಲ ಮರಗಟ್ಟಿ ನಿಂತಿತ್ತು. ಇದನ್ನೇ ಕೊಡಿ ಅಂದೆ.

ಅವರು ಕೊಡಲಿಲ್ಲ. ತಂದ ಪತ್ರಿಕೆಯಿಂದ ಒಂದು ಸಾಲು ಎರಡರಲ್ಲೂ ಹೊಡೆಯಲು ಹೇಳಿದರು. ವಿಂಡೋಸಿನಲ್ಲಿ ಕನ್ನಡದ ಅಕ್ಷರ ಬರುವ ತಂತ್ರಾಂಶ ಇತ್ತು. ನಿಧಾನವಾಗಿ ಹುಡುಕಿ ಹುಡುಕಿ ಹೊಡೆದರೂ ‘ಜ್ಯೇಷ್ಠ ಪುತ್ರಿ’ ಮುದ್ದಾಗಿ ಮೂಡಿತು. ಲಿನಕ್ಸಿನಲ್ಲಿ ಅದನ್ನು ಬರೆಯುವ ದಾರಿಯೇ ಅವರಿಗೆ ಸಿಕ್ಕಿರಲಿಲ್ಲ. ಎಲ್ಲಿಂದಲೋ ತಂದ ಅಕ್ಷರಗಳಲ್ಲಿ ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದವು. ಅವರು ಆ ಪರದೆಯನ್ನು ತುಂಬ ಹೊತ್ತು ನೋಡಿದರು. ಮುಖ ಬಾಡಿದ್ದು ನನಗೆ ಕಂಡಿತು.

“ಸುಸೀಲವ್ವ, ನಿಮ್ ಕೆಲ್ಸಕ್ಕೆ ಇದು ಇನ್ನೂ ಬಂದಿಲ್ಲ. ಅದ್ನೇ ತಕಳಿ. ನಂಗೆ ಇಷ್ಟ ಅಂತ ನಿಮ್ ಕೈಗೆ ಕೊಟ್ಬುಟ್ರೆ, ಆ ಮೈಸೂರೋನ್ಗೂ ನಂಗೂ ಏನ್ ಯತ್ಯಾಸ?”

ನನ್ನ ಪ್ರೆಸ್ಸು ಉಳಿದದ್ದು ಆ ಮಾತಿನಿಂದ. ಆಮೇಲೆ ಬಿಡುವಾದಾಗಲೆಲ್ಲ ಅವರ ಅಂಗಡಿಗೆ ಹೋಗಿ ಕೂರುವುದು ನನಗೆ ರೂಢಿಯಾಯಿತು.

ಅವರ ಹೆಂಡತಿ ಜಯಮ್ಮನಿಗೆ ಈ ಅರ್ಧರ್ಧ ಗಂಟೆಯ ವ್ಯಾಪಾರ ಸರಿಬರುತ್ತಿರಲಿಲ್ಲ. ಬಂದವರಿಗೆಲ್ಲ ಟೀ ಮಾಡುವುದು ಅವರೇ. ಲೋಕವೆಲ್ಲ ಒಂದನ್ನೇ ಇಟ್ಟುಕೊಂಡು ಮಾರುತ್ತಿರುವಾಗ ಇವರೊಬ್ಬರಿಗೆ ಯಾಕೆ ಈ ಪರೀಕ್ಷೆಯ ಉಸಾಬರಿ ಎಂದು ನನ್ನ ಹತ್ತಿರ ಗೊಣಗುತ್ತಿದ್ದರು.

ನಿಜವಾದ ಪರೀಕ್ಷೆ ಬಂದದ್ದು ದೇವಲಾಪುರದ ಕಡೆಯ ಒಂದು ಪ್ರೌಢಶಾಲೆ ನಾಲ್ಕು ಕಂಪ್ಯೂಟರ್ ಬೇಕೆಂದು ಹೇಳಿ ಕಳಿಸಿದಾಗ. ಊರವರು ಸೇರಿ ಕೊಡಿಸುತ್ತಿದ್ದ ಯಂತ್ರಗಳು. ಜೂನಿನಲ್ಲಿ ಶಾಲೆ ತೆರೆಯುವಷ್ಟರಲ್ಲಿ ತಲುಪಿಸುತ್ತೇನೆಂದು ಬೋರಲಿಂಗಣ್ಣ ಮಾತು ಕೊಟ್ಟರು. ತಮ್ಮ ಎರಡೂ ಮಿಷಿನ್ನುಗಳನ್ನು ಹಾಸಿಗೆಯಲ್ಲಿ ಸುತ್ತಿ ಟೆಂಪೋದಲ್ಲಿ ಹಾಕಿಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ಊರಿನ ಮುಖಂಡರು, ನಮಗೇನು ತಿಳಿಯುತ್ತದೆ, ನೀವೇ ಒಳ್ಳೆಯದು ನೋಡಿ ಕೊಟ್ಟುಬಿಡಿ ಅಂದರು. ಇವರು ಕೇಳಲಿಲ್ಲ. ಹೆಡ್‌ಮಾಸ್ಟರು ಕಚೇರಿಯ ಪತ್ರ ತಂದರು, ಅದು ಕನ್ನಡದಲ್ಲಿತ್ತು. ಅವರಿಗೆ ವಿಂಡೋಸ್ ಸರಿಹೋಯಿತು. ಗಣಿತದ ಟೀಚರ್ ಶಾಂತಮ್ಮ ಮಾತ್ರ ಲಿನಕ್ಸಿನ ಮುಂದಿನಿಂದ ಏಳಲೇ ಇಲ್ಲ. ಒಳಗೆ ಏನು ನಡೆಯುತ್ತದೆಂದು ಬಿಚ್ಚಿ ನೋಡಬಹುದಲ್ಲ, ಮಕ್ಕಳು ಕಲಿಯಬೇಕಾದದ್ದು ಇದರಲ್ಲಿ ಅಂದರು. ವಿಜ್ಞಾನದ ಮೇಷ್ಟ್ರು ಅದಕ್ಕೆ ಒಪ್ಪಲಿಲ್ಲ. ನಾಳೆ ಕೆಲಸ ಕೊಡುವವರು ಕೇಳುವುದು ವಿಂಡೋಸನ್ನು ಎಂದು ವಾದಿಸಿದರು. ಮಧ್ಯಾಹ್ನದವರೆಗೆ ಚರ್ಚೆ ನಡೆಯಿತು. ಕೊನೆಗೆ ಎರಡರಲ್ಲಿ ವಿಂಡೋಸ್, ಎರಡರಲ್ಲಿ ಲಿನಕ್ಸ್ ಎಂದು ತೀರ್ಮಾನವಾಯಿತು. ಅಷ್ಟು ಹೊತ್ತೂ ಬೋರಲಿಂಗಣ್ಣ ಬಾಗಿಲ ಹತ್ತಿರ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಸುದ್ದಿ ತಿಳಿದು ಮೂರನೆಯ ದಿನ ಮೈಸೂರಿನ ಸಗಟು ವ್ಯಾಪಾರಿ ಖುದ್ದಾಗಿ ಬಂದ. ಒರಟನೇನಲ್ಲ, ಮಾತು ಮೃದು. ಕೊಟ್ಟರೆ ನಾಲ್ಕಕ್ಕೂ ವಿಂಡೋಸನ್ನೇ ಹಾಕಿ ಕೊಡುವುದಾಗಿಯೂ, ಇಲ್ಲವಾದರೆ ಇನ್ನು ಮುಂದೆ ಒಂದು ಮಿಷಿನ್ನನ್ನೂ ಕೊಡುವುದಿಲ್ಲವೆಂದೂ ಹೇಳಿದ. ಗಿರಾಕಿಗೆ ಎರಡು ತೋರಿಸಿ ತಲೆ ಕೆಡಿಸುವುದು ಯಾವ ವ್ಯಾಪಾರ ಎಂದು ಬುದ್ಧಿಯನ್ನೂ ಹೇಳಿದ.

ಬೋರಲಿಂಗಣ್ಣ ಸಮಾಧಾನದಿಂದಲೇ ಉತ್ತರ ಕೊಟ್ಟರು. “ನಿಮ್ದು ಮಾರಕ್ಕಿಲ್ಲ ಅಂತ ನಾನು ಏಳ್ನಿಲ್ಲ ಸ್ವಾಮಿ. ಅರ್ಧ ನಿಮ್ದೇ ಓಯ್ತಾ ಅದೆ. ನೋಡ್ಬುಟ್ಟು ತಕಳ್ಳಿ ಅಂದೆ ಅಷ್ಟೆಯಾ. ಅವ್ರು ನೋಡವ್ರೆ, ಏಳವ್ರೆ. ಈಗ ನಾನು ಅದ್ನ ಬದ್ಲಾಯ್ಸಕಾಯ್ತದಾ?”

ಅವನು ಹೋದ ಮೇಲೆ ಜಯಮ್ಮ ಕಣ್ಣೀರು ಹಾಕಿದರು.

ಬೋರಲಿಂಗಣ್ಣ ಬೆಂಗಳೂರಿಗೆ ಮೂರು ಸಲ ಓಡಾಡಿ ಬಿಡಿಭಾಗಗಳನ್ನು ಹೊತ್ತು ತಂದರು. ಲೆನ್ಸ್ ಉಜ್ಜುವ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ, ಕನ್ನಡಕದ ಸಣ್ಣ ತಿರುಪುಳಿಯಿಂದಲೇ ಜೋಡಿಸಲು ಕೂತರು. ನಾನು ಇಂಗ್ಲಿಷಿನ ಸೂಚನೆಯನ್ನು ಓದಿ ಓದಿ ಹೇಳುತ್ತಿದ್ದೆ. ಮೂರು ಎದ್ದು ನಿಂತವು, ನಾಲ್ಕನೆಯದು ಏಳಲಿಲ್ಲ. ಬಿಚ್ಚುವುದು, ಜೋಡಿಸುವುದು, ಹೀಗೇ ಹತ್ತು ದಿನ. ಜೂನ್ ಬಂದೇ ಬಿಟ್ಟಿತು. ಅವರು ನೆಪ ಹೇಳದೆ ಬಸ್ಸು ಹತ್ತಿ ದೇವಲಾಪುರಕ್ಕೆ ಹೋಗಿ, ಮಾತು ತಪ್ಪಿತು, ಹದಿನೈದು ದಿನ ಕೊಡಿ ಎಂದು ಕೇಳಿಕೊಂಡು ಬಂದರು. ಹೆಡ್‌ಮಾಸ್ಟರು ಚೆನ್ನಾಗಿಯೇ ಬೈದರಂತೆ. ಶಾಂತಮ್ಮ ಮಾತ್ರ, ತಡವಾದರೂ ಚಿಂತೆಯಿಲ್ಲ, ಅಷ್ಟರಲ್ಲಿ ನಾನು ಪುಸ್ತಕ ಓದಿಕೊಂಡಿರುತ್ತೇನೆ ಅಂದರಂತೆ. ಬೇಡ ಬೇಡ ಅನ್ನುತ್ತಿದ್ದ ಜಯಮ್ಮನೇ ಆ ನಾಲ್ಕನೆಯದರಲ್ಲಿ ಒಂದು ತಂತಿ ಅರ್ಧವಷ್ಟೇ ಕೂತಿರುವುದನ್ನು ಕಂಡುಹಿಡಿದರು. ಒತ್ತಿದ ಕೂಡಲೇ ದೀಪ ಹತ್ತಿತು. ಬೋರಲಿಂಗಣ್ಣ ಹೆಂಡತಿಯ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ಮಾರನೆಯ ದಿನವೇ ಜಯಮ್ಮನಿಗೆ ಕಂಪ್ಯೂಟರ್ ಪಾಠ ಶುರುವಾಯಿತು.

ನಾಲ್ಕೂ ಶಾಲೆ ಸೇರಿದ ಮೇಲೆ ಬೋರಲಿಂಗಣ್ಣ ಮತ್ತೆ ಯಾರ ಏಜೆಂಟರೂ ಆಗಲಿಲ್ಲ, ತಾವೇ ಜೋಡಿಸಿ ಕೊಡುತ್ತಿದ್ದರು. ವ್ಯಾಪಾರ ಬಹಳ ದೊಡ್ಡದಾಗಲಿಲ್ಲ. ಆದರೆ ಒಂದು ದಿನ ಕೆ.ಆರ್. ಪೇಟೆಯಿಂದ ಒಂದು ಸುದ್ದಿ ಬಂತು. ಆ ಮೈಸೂರಿನವನ ಕಡೆಯವರು ಹೇಮಗಿರಿ ದಾರಿಯ ಒಂದು ಹಾಲಿನ ಸೊಸೈಟಿಗೆ ಮಿಷಿನ್ ತೋರಿಸಲು ಹೋಗಿದ್ದಾಗ, ಅಲ್ಲಿನ ಅಧ್ಯಕ್ಷರು ಎಲ್ಲ ನೋಡಿ ಮುಗಿಸಿ, “ಇನ್ನೊಂದೆಲ್ಲಪ್ಪ? ಅದ್ನೂ ತೋರ್ಸು, ಆಮೇಲೆ ಏಳ್ತೀವಿ” ಅಂದರಂತೆ. ಇದನ್ನು ಕೇಳಿ ಬೋರಲಿಂಗಣ್ಣ ಬೀದಿಯ ಏಳೆಂಟು ಅಂಗಡಿಗಳಿಗೆ ಮೈಸೂರುಪಾಕು ಹಂಚಿದರು. ಅವರ ಕೈತಪ್ಪಿ ಮೈಸೂರಿನವನ ಕಡೆ ಹೋದ ಗಿರಾಕಿ ಅದು. ಅದರ ಚಿಂತೆಯೇ ಅವರಿಗಿರಲಿಲ್ಲ. ವರ್ಷ ತಿರುಗುವಷ್ಟರಲ್ಲಿ ಸಗಟು ವ್ಯಾಪಾರಿಯೂ ತನ್ನ ಅಂಗಡಿಯಲ್ಲಿ ಎರಡು ಮೇಜು ಹಾಕಿದನೆಂದು ತಿಳಿಯಿತು.

ಬೋರಲಿಂಗಣ್ಣನನ್ನು ನಾನು ಕೊನೆಯ ಸಲ ನೋಡಿದ್ದು ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ. ನಾನು ಕಾಗದ ತರಲು ಮೈಸೂರಿಗೆ ಹೊರಟಿದ್ದೆ, ಅವರು ಅಲ್ಲಿಂದ ಬರುತ್ತಿದ್ದರು. ನನ್ನನ್ನು ಕಂಡು ಬಸ್ಸಿನಿಂದ ಇಳಿದೇ ಬಿಟ್ಟರು. ಚೀಲದಿಂದ ಒಂದು ಹಾಳೆ ತೆಗೆದರು. ಮೈಸೂರಿನಲ್ಲಿ ಯಾರೋ ಒಬ್ಬರು ಲಿನಕ್ಸಿಗೆಂದು ಕನ್ನಡದ ಅಕ್ಷರ ಬರೆಯುತ್ತಿದ್ದಾರಂತೆ, ಇದು ಅದರ ಮೊದಲ ಪ್ರತಿ, ಅಚ್ಚಿನವರ ಕಣ್ಣಿಗೆ ಹೇಗೆ ಕಾಣುತ್ತದೆ ನೋಡಿ ಹೇಳಬೇಕು ಅಂದರು. ಕಲ್ಲುಬೆಂಚಿನ ಮೇಲೆ ಕೂತು ಪೆನ್ನು ಹಿಡಿದು ನೋಡಿದೆ. ಅರ್ಕಾವತ್ತು ದೂರ ಸರಿದಿತ್ತು, ‘ಣ’ ಕೊಂಚ ಕುಳ್ಳಗಿತ್ತು. ಉಳಿದವು ಚೆನ್ನಾಗಿದ್ದವು. ಗುರುತು ಹಾಕಿ ಕೊಟ್ಟೆ. ಅಷ್ಟರಲ್ಲಿ ಎರಡು ಬಸ್ಸು ಹೋಗಿದ್ದವು. ಅವರು ಹಾಳೆಯನ್ನು ಮಡಿಸದೆ ಹಾಗೇ ಹಿಡಿದುಕೊಂಡು ಮೂರನೆಯ ಬಸ್ಸು ಹತ್ತಿದರು.

ಎಂಟು ದಿನಕ್ಕೆ ಎದೆನೋವು ಬಂತು. ಮಂಡ್ಯದ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ಅಂಗಡಿ ಒಂದು ತಿಂಗಳು ಮುಚ್ಚಿತ್ತು. ಜಯಮ್ಮ ಎಲ್ಲವನ್ನೂ ಮಾರಿ ನಾಗಮಂಗಲದ ತಮ್ಮನ ಮನೆಗೆ ಹೋಗುತ್ತಾರೆಂದು ಬೀದಿಯವರು ಮಾತಾಡಿಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಪ್ರೆಸ್ಸಿಗೆ ಹೋಗುವಾಗ ಬಾಗಿಲು ತೆರೆದಿರುವುದು ಕಂಡು ಒಳಗೆ ಹೋದೆ. ಜಯಮ್ಮ ಒದ್ದೆ ಬಟ್ಟೆಯಿಂದ ಉದ್ದನೆಯ ಮೇಜು ಒರೆಸುತ್ತಿದ್ದರು. ಮೇಲುಕೋಟೆಯಿಂದ ಒಬ್ಬರು ನಾಡಿದ್ದು ಕಂಪ್ಯೂಟರ್ ನೋಡಲು ಬರುತ್ತಾರೆ ಅಂದರು.

“ಮನೇಲಿ ಅವ್ರು ನಂಗೆ ಲಿನಕ್ಸ್ ಒಂದೇ ಏಳ್ಕೊಟ್ಟಿರಾದು ಸುಸೀಲ. ವಿಂಡೋಸ್ ನಂಗೆ ಬರಕ್ಕಿಲ್ಲ. ಒಂದೇ ತೋರ್ಸಿ ಕಳ್ಸಕ್ಕೆ ಮನ್ಸು ಒಪ್ತಾ ಇಲ್ಲ ಕಣವ್ವ. ನಿಂಗೆ ಪುರ್ಸೊತ್ತು ಅದಾ?”

ಆ ದಿನ ಮಧ್ಯಾಹ್ನದೊಳಗೆ ಕೊಡಬೇಕಾದ ಇನ್ನೂರು ಲಗ್ನಪತ್ರಿಕೆ ನನ್ನ ಪ್ರೆಸ್ಸಿನಲ್ಲಿ ಕಾದಿತ್ತು. ನಾನು ಜಯಮ್ಮನನ್ನು ವಿಂಡೋಸಿನ ಮುಂದೆ ಕೂರಿಸಿ, ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತೆ.