ಕೆಂಪಕ್ಕನ ಕಟ್ಟೆ

ಮೊಮ್ಮಗಳು ಮಂಡ್ಯದಲ್ಲೇ ಒಂದು ಮನೆ ಕೊಂಡು ಅದರ ಅಡುಗೆಮನೆಯನ್ನು ಒಡೆಸಿ ಹೊಸದಾಗಿ ಮಾಡಿಸುತ್ತಿದ್ದಾಳೆ. ಮುಂದೆ ನಾನೂ ಅಲ್ಲೇ ಇರುವವಳಾದ್ದರಿಂದ ಹೋದ ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ನಕ್ಷೆ ಬರೆಯುವವನು ದೊಡ್ಡ ಹಾಳೆಯೊಂದನ್ನು ಹಾಸಿ, ನಡುವೆ ಬರೆದಿದ್ದ ಉದ್ದನೆಯ ಚೌಕವನ್ನು ತೋರಿಸಿ, "ಇದು ಐಲ್ಯಾಂಡ್ ಅಜ್ಜಿ" ಎಂದ. ನನಗೆ ಗೊತ್ತಿರುವ ಐಲ್ಯಾಂಡು ಶಿವನಸಮುದ್ರದ್ದೊಂದೇ. ಮಳವಳ್ಳಿಯ ನೆಂಟರ ಮನೆಗೆ ಹೋದಾಗ ನೋಡಿದ್ದೆ, ಸುತ್ತಲೂ ಕಾವೇರಿ. ಇಲ್ಲಿ ಸುತ್ತಲೂ ಸಿಮೆಂಟಿನ ಧೂಳು. ಅವನು ಬಿಡದೆ ಹೇಳುತ್ತಲೇ ಹೋದ: ಅಡುಗೆಮನೆಯ ನಡುವೆ ಒಂದು ಕಟ್ಟೆ, ಸುತ್ತ ಓಡಾಡಲು ಜಾಗ, ಮೇಲೆ ತೂಗುವ ದೀಪ, ಪಕ್ಕದಲ್ಲಿ ಮಿಕ್ಸಿಗೊಂದು ಪ್ಲಗ್ಗು. "ಹೊಸ ಐಡಿಯಾ ಅಜ್ಜಿ, ನಿಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ."

ಅಷ್ಟು ಅಂದದ್ದೇ ತಪ್ಪಾಯಿತು ನೋಡಿ. ನನಗೆ ಕೋಪ ಬೇಗ ಬರುತ್ತದೆ, ಅದಕ್ಕಿಂತ ಬೇಗ ನಗು ಬರುತ್ತದೆ. ಅವತ್ತು ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿಕೊಂಡಿತು. ಇರಲಿಲ್ಲವಂತೆ! ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮುಂಚೆಯೇ ಇದೇ ಮಂಡ್ಯದಲ್ಲಿ ನಮ್ಮ ಅಡುಗೆಮನೆಯ ನಡುಮಧ್ಯೆ ಕಟ್ಟೆ ಎದ್ದಿತ್ತು, ಮೇಲೆ ಕರೆಂಟು ದೀಪ ತೂಗುತ್ತಿತ್ತು. ಅದರ ಕಥೆ ಅವನಿಗೆ ಹೇಳಿದರೆ ಕೇಳುವ ಪುರುಸೊತ್ತು ಎಲ್ಲಿದೆ? ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಮದುವೆಯಾಗಿ ಬಂದ ಹೊಸತು. ನಮ್ಮವರಿಗೆ ನಾಲೆಯ ಅಳತೆಯ ಕೆಲಸ. ಅಳತೆ ಅವರಿಗೆ ಬರೀ ಕೆಲಸವಲ್ಲ, ಅದೊಂದು ಹುಚ್ಚು. ಜೇಬಿನಲ್ಲಿ ಸದಾ ಒಂದು ಟೇಪು. ಮಂಚ ಅಳೆದರು, ಹಸುವಿನ ಗೊಂತು ಅಳೆದರು, ಮದುವೆಯಾದ ಮೊದಲನೇ ವಾರದಲ್ಲಿ ನನ್ನನ್ನೂ ಬಾಗಿಲಿಗೆ ನಿಲ್ಲಿಸಿ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಇಷ್ಟು ಅಳೆಯುವ ಮನುಷ್ಯ ನನ್ನ ಸಾರಿಗೆ ಉಪ್ಪೆಷ್ಟು ಬಿದ್ದಿದೆ ಎಂದು ಒಂದು ದಿನವೂ ಹೇಳಿದವರಲ್ಲ, ಸುಮ್ಮನೆ ಉಣ್ಣುತ್ತಿದ್ದರು. ಅದೊಂದು ಪುಣ್ಯ.

ಮನೆಯಲ್ಲಿ ನಮ್ಮಿಬ್ಬರ ಜೊತೆ ಅತ್ತೆ ಮತ್ತು ಅವರ ದೊಡ್ಡ ಮಗಳು ಕೆಂಪಕ್ಕ. ನಮ್ಮವರಿಗಿಂತ ದೊಡ್ಡವರು, ನನಗೆ ನಾದಿನಿ. ಅವರನ್ನು ಮದ್ದೂರಿನ ಆಚೆ, ಕೊಕ್ಕರೆ ಬೆಳ್ಳೂರಿನ ದಿಕ್ಕಿಗೆ ಕೊಟ್ಟಿತ್ತು. ಮದುವೆಯಾದ ಕೆಲವು ವರ್ಷಕ್ಕೆ ಕಬ್ಬಿನ ಗಾಡಿಯಿಂದ ಬಿದ್ದು ಬಲಗಾಲಿನ ಮಂಡಿ ಮುರಿಯಿತು. ಕಟ್ಟು ಹಾಕಿಸಿದರು. ಮೂಳೆಯೇನೋ ಕೂಡಿಕೊಂಡಿತು, ಆದರೆ ಕಾಲು ಮಡಿಸಲು ಬಾರದ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಆಗೆಲ್ಲ ಒಲೆ, ಒರಳು, ಈಳಿಗೆಮಣೆ ಎಲ್ಲವೂ ನೆಲದ ಮೇಲೆ. ಕೆಂಪಕ್ಕ ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಒಲೆಯ ಮುಂದೆ ಕೂರಲಾರದ ಸೊಸೆ ಯಾತಕ್ಕೆ ಎಂದು ಗಂಡನ ಮನೆಯವರು ಬೈಯಲಿಲ್ಲ, ಹೊಡೆಯಲಿಲ್ಲ, ಇನ್ನೊಂದು ಹೆಣ್ಣು ತಂದುಕೊಂಡರು. ಕೆಂಪಕ್ಕ ತಮ್ಮನ ಮನೆಗೆ ಬಂದರು.

ಬಂದವರಿಗೆ ನಮ್ಮ ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ, ಮಾಡಲು ಕೆಲಸವೊಂದಿರಲಿಲ್ಲ. ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನನ್ನನ್ನು ನೋಡುತ್ತಿದ್ದರು. ನಾನೋ, ಅನ್ನದ ಸೀಮೆಯಿಂದ ಬಂದವಳು, ಮುದ್ದೆ, ಇಲ್ಲಿಯವರ ಬಾಯಲ್ಲಿ ಇಟ್ಟು, ತೊಳಸಿ ಗೊತ್ತೇ ಇರಲಿಲ್ಲ. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು ಬೇಯಿಸಿ, ಪಾತ್ರೆಯನ್ನು ನೆಲಕ್ಕಿಳಿಸಿ, ಮುಂದೆ ಕೂತು, ಕವಲೊಡೆದ ಕವೆಗೋಲನ್ನು ಅದಕ್ಕೆ ಒತ್ತಿ, ಕವೆಯ ಎರಡು ತುದಿಯನ್ನೂ ಪಾದದಿಂದ ಅದುಮಿಕೊಂಡು, ಮುದ್ದೆ ಕೋಲನ್ನು ಎರಡು ಕೈಯಲ್ಲಿ ಹಿಡಿದು ಮೈಭಾರವನ್ನೆಲ್ಲ ಬಿಟ್ಟು ತೊಳಸಬೇಕು. ನನ್ನ ಮುದ್ದೆಯಲ್ಲಿ ದಿನಾ ಗಂಟು.

"ಅಂಗಲ್ಲ ಕಣಮ್ಮಿ, ಅಂಚಿಂದ ಒತ್ಕೊಂಡು ಬಾ. ಒತ್ತು, ಇನ್ನೂ ಒತ್ತು! ಅಯ್ಯೋ ಕೊಡು ಇಲ್ಲಿ..." ಎನ್ನುತ್ತ ಕೆಂಪಕ್ಕ ಕೈ ಮುಂದೆ ಚಾಚುತ್ತಿದ್ದರು. ಆಮೇಲೆ ಚಾಚಿದ ಕೈಯನ್ನು ತಾವೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ, ಆ ಕೋಲು ಮತ್ತೆ ಕೈಗೆ ಬರಬೇಕು, ಮನೆಯವರಿಗೆ ತಮ್ಮ ಕೈಯಿಂದ ಇಕ್ಕಬೇಕು.

ಅದೇ ವರ್ಷ ನಮ್ಮ ಬೀದಿಗೆ ಕರೆಂಟು ಬಂತು. ಹೇಗೂ ದೀಪ ಹಾಕಿಸಬೇಕು, ಸೋರುವ ಅಡುಗೆಮನೆಯ ಮಾಡನ್ನು ಬಿಚ್ಚಿ ಕಟ್ಟಿಸಬೇಕು. ನಮ್ಮವರಿಗೆ ತಲೆಗೆ ಹುಳ ಹೊಕ್ಕಿತು. ನಾಲೆಯ ಬಂಗಲೆಯಲ್ಲಿ ಅಡುಗೆಯವನು ನಿಂತುಕೊಂಡೇ ಬೇಯಿಸುವುದನ್ನು ನೋಡಿದ್ದರಂತೆ. "ಅಕ್ಕ ಕೂರಕ್ಕಾಗದಿದ್ರೆ ಒಲೇನೇ ಎದ್ದು ನಿಲ್ಲಲಿ" ಎಂದರು. ಗೋಡೆಗೆ ಕಟ್ಟಿದರೆ ನೀರಿನ ಹಂಡೆಗೊಂದು ಸಲ, ಸಾಮಾನಿನ ಗೂಡಿಗೊಂದು ಸಲ ಕೆಂಪಕ್ಕ ಕೋಣೆಯನ್ನೆಲ್ಲ ದಾಟಬೇಕು. ನಡುವೆ ಕಟ್ಟಿದರೆ ಅಂಚು ಹಿಡಿದು ನಿಂತಲ್ಲೇ ತಿರುಗಿದರಾಯಿತು. ಲೆಕ್ಕ ಸರಿಯಾಗಿಯೇ ಇತ್ತು.

ಅತ್ತೆ ಒಪ್ಪಬೇಕಲ್ಲ! "ಒಲೆ ಅನ್ನೋದು ಗ್ವಾಡೆ ಸೇರ್ಕೊಂಡಿರ್ಬೇಕು ಕಣ್ಲಾ. ಮದ್ಯದಲ್ಲಿ ಬೆಂಕಿ ಆಕ್ಕೊಂಡು ಸುತ್ತ ತಿರುಗಕೆ ಇದೇನು ಜಾತ್ರೆ ಕೊಂಡವಾ? ನಿಂತ್ಕೊಂಡು ಅಡುಗೆ ಮಾಡೋದು ಎಲ್ಲಾರ ಉಂಟಾ?" ಕರೆಂಟಿನ ಮೇಲಂತೂ ಅವರಿಗೆ ಇನ್ನೂ ಅನುಮಾನ. ಮೇಲಿಂದ ತೊಟ್ಟಿಕ್ಕಿ ಸಾರಿಗೆ ಬಿದ್ದರೆ ಉಂಡವರ ಗತಿಯೇನು ಎಂದು ಕೇಳಿದರು. ನಮ್ಮವರು ಟೇಪು ಬಿಚ್ಚಿದರು.

ಆಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ನಗು. ಕಟ್ಟೆ ಬರುವ ಜಾಗದಲ್ಲಿ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದರು. ಸುತ್ತ ನೆಲಕ್ಕೆ ರಂಗೋಲಿ ಪುಡಿ ಉದುರಿಸಿ, "ನಡಿಯಕ್ಕ" ಎಂದರು. ಕೆಂಪಕ್ಕ ನಡೆಯುವಾಗ ಬಲಗಾಲು ಹೊರಕ್ಕೆ ಸುತ್ತಿಕೊಂಡು ಬರುತ್ತಿತ್ತು. ಪುಡಿಯ ಮೇಲೆ ಅರ್ಧಚಂದ್ರದಂಥ ಗೆರೆಗಳು ಬಿದ್ದವು. ಅದರ ಜೊತೆಗೆ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ನಾನು ಎದುರಿನಿಂದ ಬರಬೇಕು. ಒಬ್ಬರಿಗೊಬ್ಬರು ತಾಗದಿರುವಷ್ಟು ಜಾಗ ಬಿಡಬೇಕೆಂದು ಅವರ ಹಟ. ಖಾಲಿ ಬಿಂದಿಗೆ ಸಾಲದು ಎಂದು ನೀರು ತುಂಬಿಸಿ ಬೇರೆ ನಡೆಸಿದರು. ಕೊನೆಗೆ ಸಿಟ್ಟು ಬಂದು ಅರ್ಧ ಬಿಂದಿಗೆ ನೀರನ್ನು ಅವರ ಟೇಪಿನ ಮೇಲೇ ಸುರಿದೆ. ಕೆಂಪಕ್ಕ ನಗುತ್ತ ನಗುತ್ತ ಹಗ್ಗ ಹಿಡಿದುಕೊಂಡು ನಿಂತುಬಿಟ್ಟರು.

ದೀಪದ ಜಾಗಕ್ಕೂ ಇಂಥದ್ದೇ ಪಂಚಾಯ್ತಿ. ವೈರಿಂಗಿನವನು ಬಂದು ಮರದ ಪಟ್ಟಿಯನ್ನು ಬಾಗಿಲ ಕಡೆಯ ಗೋಡೆಗೆ ಹೊಡೆದು ಅಲ್ಲೇ ಬಲ್ಬು ಸಿಕ್ಕಿಸಿ ಹೋಗುವ ಆತುರದಲ್ಲಿದ್ದ. ನಮ್ಮವರು ಬಿಡಲಿಲ್ಲ. ಮುಸ್ಸಂಜೆಗೆ ಕಾಯ್ದು, ಗಳುವಿನ ತುದಿಗೆ ಲಾಟೀನು ನೇತುಹಾಕಿ ಕೋಣೆಯಲ್ಲೆಲ್ಲ ಆಡಿಸಿದರು. ಕೆಂಪಕ್ಕ ಹಗ್ಗದ ಪಕ್ಕ ನಿಂತು ಬರಿಗೈಯಲ್ಲಿ ತರಕಾರಿ ಕೊಯ್ಯುವ ಹಾಗೆ ಮಾಡುತ್ತಿದ್ದರು. "ಇಲ್ಲಿ ನನ್ನ ನೆಳ್ಳೇ ಕೈ ಮೇಲೆ ಬೀಳ್ತದೆ ಕಣ್ಲಾ. ಇನ್ನೊಸಿ ಮುಂದಕ್ಕೆ ತಾ. ಉಂ, ಅಲ್ಲಿ ಬುಡು." ಒಲೆಯ ನೆತ್ತಿಗೆ ಹೊಗೆ ಹೋಗುವ ಗವಾಕ್ಷಿ. ಅಲ್ಲಿ ತೂಗಿದರೆ ತಂತಿ ಸುಡುತ್ತದೆ. ಆದ್ದರಿಂದ ಕೊಯ್ಯುವ ಕಡೆಗೆ ದೀಪ, ಬೇಯಿಸುವ ಕಡೆಗೆ ಗವಾಕ್ಷಿ ಎಂದು ತೀರ್ಮಾನವಾಯಿತು. ಸ್ವಿಚ್ಚು ಬಾಗಿಲ ಬಳಿ, ನೀರಿನ ಕೈ ತಾಗದ ಕಡೆ.

ಗಾರೆಯವನು ಕಟ್ಟೆ ಎಬ್ಬಿಸಿದ. ಕೆಂಪಕ್ಕನ ಸೊಂಟದೆತ್ತರಕ್ಕೆ ಸರಿಯಾಗಿ, ಮೇಲೆ ನುಣ್ಣನೆಯ ಕಲ್ಲುಚಪ್ಪಡಿ, ಒಂದು ಕೊನೆಯಲ್ಲಿ ಒಲೆ. ದೀಪ ಹತ್ತಿದ ದಿವಸ ಗಾರೆಯವನಿಗೂ ವೈರಿಂಗಿನವನಿಗೂ ನಮ್ಮಲ್ಲೇ ಊಟ. ಕೆಂಪಕ್ಕ ತಲೆಗೆ ನೀರು ಹಾಕಿಕೊಂಡು, ಸೆರಗು ಸಿಕ್ಕಿಸಿ ಬಂದರು. "ಇವತ್ತು ಇಟ್ಟು ನಾನೇ ತೊಳಸೋಳು. ನೀನು ಎಲೆ ಆಕೋಗು" ಎಂದು ನನ್ನನ್ನು ಆಚೆಗೆ ಅಟ್ಟಿದರು. ಅವರ ಮುಖದಲ್ಲಿ ಅಂಥ ಸಂಭ್ರಮವನ್ನು ನಾನು ಅದುವರೆಗೂ ಕಂಡಿರಲಿಲ್ಲ.

ಎಲೆ ಹಾಕಿ ಬಂದು ಬಾಗಿಲಲ್ಲಿ ನಿಂತೆ, ಹಿಂದೆ ಅವರು ನಿಲ್ಲುತ್ತಿದ್ದ ಜಾಗದಲ್ಲಿ. ಕಟ್ಟೆಯ ಮೇಲೆ ಪಾತ್ರೆ, ಪಾತ್ರೆಯೊಳಗೆ ಕೋಲು. ಕೋಲಿನ ತುದಿ ಕೆಂಪಕ್ಕನ ಹಣೆಗಿಂತ ಮೇಲಿತ್ತು! ಕೈಯೆತ್ತಿ ಹಿಡಿದರೆ ಒತ್ತಲು ಬಲವಿಲ್ಲ, ಮೈಭಾರ ಬಿಡೋಣವೆಂದರೆ ಪಾತ್ರೆಯೇ ಎದೆಯೆತ್ತರ. ಕವೆಗೋಲು ಅದುಮಲು ಕಾಲೆಲ್ಲಿ? ಕಾಲು ನೆಲದ ಮೇಲಿದೆ, ಪಾತ್ರೆ ಆಕಾಶದಲ್ಲಿ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಪಾತ್ರೆ ಜಾರಿ ಮಗುಚಿ ಅರೆಬೆಂದ ಹಿಟ್ಟು ಚಪ್ಪಡಿಯ ಮೇಲೆಲ್ಲ ಹರಡಿತು. ಹೊತ್ತಿಗೊಂದು ಮುದ್ದೆ ಮುರಿಯುವ ಮನೆ ನಮ್ಮದು. ಬಿಂದಿಗೆ ಅಳೆದೆವು, ನೆರಳು ಅಳೆದೆವು, ಮುದ್ದೆಯನ್ನು ಮಾತ್ರ ಒಬ್ಬರೂ ನೆನೆಸಿಕೊಳ್ಳಲಿಲ್ಲ. ಮುದ್ದೆಯ ಪಾತ್ರೆಯ ಜಾಗ ನೆಲ ಎಂಬುದು ನಮಗೆಲ್ಲ ಅಷ್ಟು ರೂಢಿಯಾಗಿಹೋಗಿತ್ತು.

ಕೆಂಪಕ್ಕ ಅಳಲಿಲ್ಲ. ಕೋಲನ್ನು ತೊಳೆದು ನನ್ನ ಕೈಗೆ ಕೊಟ್ಟರು. "ನೀನೇ ತೊಳಸವ್ವ. ಕೂತು ತೊಳಸೋದು ಅದು, ನನಗಲ್ಲ" ಎಂದು ಹಿತ್ತಿಲಿಗೆ ಹೋದರು. ನಾನು ಮತ್ತೆ ಎಸರಿಟ್ಟು, ನೆಲಕ್ಕೆ ಕೂತು, ಗಂಟುಗಂಟಾಗಿ ತೊಳಸಿದೆ. ಗಂಡಸರು ಅದನ್ನೇ ಉಂಡರು. ನಮ್ಮವರು ಟೇಪನ್ನು ಗೂಡಿನೊಳಗೆ ಎಸೆದದ್ದನ್ನು ನಾನೇ ಕಂಡೆ. ಅಷ್ಟು ಆಸೆ ಹುಟ್ಟಿಸಿ ಹೀಗಾಯಿತಲ್ಲ ಎಂದು ನನಗೆ ದುಃಖ ತಡೆಯಲಾಗಲಿಲ್ಲ.

ಇಷ್ಟು ದಿವಸ ಕಟ್ಟೆಯನ್ನು ಕಂಡರೆ ಮೂಗು ಮುರಿಯುತ್ತಿದ್ದ ಅತ್ತೆ ಇನ್ನೂ ಎಲೆ ಮುಂದೆ ಕೂತಿರಲಿಲ್ಲ. "ನಾನು ಬಡ್ಕೊಂಡೆ" ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಅವರು ಹಾಗನ್ನದೆ ಪಾತ್ರೆ, ಕೋಲು ಎರಡನ್ನೂ ಎತ್ತಿಕೊಂಡು ಹಿತ್ತಿಲಿಗೆ ನಡೆದರು. ನಾನೂ ಹಿಂದೆಯೇ ಓಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪಾತ್ರೆ ಇಟ್ಟು, "ಬಾ ಇಲ್ಲಿ" ಎಂದರು. ಕೆಂಪಕ್ಕ ಬರಲಿಲ್ಲ. "ಬಾರೇ ಅಂದ್ರೆ! ಇಡ್ಕೊ ಕೋಲ. ಬಗ್ಗು. ನಡ ಬಗ್ಗತದಲ್ಲ, ನಡಕ್ಕೇನು ದಾಡಿ?" ಕೆಂಪಕ್ಕ ಬಗ್ಗಿದರು. ಕಲ್ಲು ಅವರ ಮೊಣಕಾಲೆತ್ತರಕ್ಕಿತ್ತು. ಕೋಲು ಎದೆಯ ಕೆಳಗೆ ಬಂತು. ಅತ್ತೆ ಪಾತ್ರೆಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡು, "ಈಗ ಒತ್ತು" ಎಂದರು. ಕೆಂಪಕ್ಕ ಒತ್ತಿದರು. ಖಾಲಿ ಪಾತ್ರೆ ಕಿರ್ರೆಂದಿತು.

ಉಂಡು ಕೈ ತೊಳೆಯುತ್ತಿದ್ದ ಗಾರೆಯವನ ಕಡೆ ಅತ್ತೆ ತಿರುಗಿದರು. "ಲೇ, ಆ ಕಟ್ಟೆ ಒಂದು ಕೊನೇನ ಒಡೆದಾಕು. ಈ ಕಲ್ಲಿನ ಮಟ್ಟಕ್ಕೆ ತಗ್ಗಿಸು. ಪಾತ್ರೆ ಕೂರಕೆ ಒಂದು ಗುಳಿ ಮಾಡು."

"ಅಂದ ಕೆಡ್ತದಲ್ಲವ್ವಾ" ಎಂದ ಅವನು.

"ಅಂದ ಕಟ್ಕೊಂಡು ಏನ್ಲಾ ಮಾಡನ, ಇಟ್ಟು ಉಣ್ಣಬೇಕು" ಎಂದರು ಅತ್ತೆ.

ಒಡೆದ. ಕೊಯ್ಯುವ ಕಡೆಯ ಕೊನೆ ತಗ್ಗಿ ಕಟ್ಟೆಗೆ ಒಂದು ಮೆಟ್ಟಿಲು ಇಳಿದ ಹಾಗಾಯಿತು. ಕುಲುಮೆಯಿಂದ ಕಬ್ಬಿಣದ ಬಳೆಯೊಂದು ಬಂದು ಗುಳಿಯ ಸುತ್ತ ಕೂತಿತು, ಪಾತ್ರೆ ಅಲ್ಲಾಡುವ ಮಾತೇ ಇಲ್ಲ. ಗಾರೆ ಒಣಗಿದ ದಿವಸ ಕೆಂಪಕ್ಕ ಯಾರಿಗೂ ಹೇಳದೆ ಎಸರಿಟ್ಟರು. ಗಾರೆಯ ಹಸಿವಾಸನೆ, ಬೆಂದ ರಾಗಿಯ ವಾಸನೆ. ಕುಂಟುಗಾಲನ್ನು ಪಕ್ಕಕ್ಕೆ ಚಾಚಿ, ಸೊಂಟ ಬಗ್ಗಿಸಿ, ಮೈಭಾರವನ್ನೆಲ್ಲ ಬಿಟ್ಟು ತೊಳಸಿದರು. ದೀಪದ ಬೆಳಕಿನಲ್ಲಿ ಹಣೆಯ ಬೆವರು ಹೊಳೆಯಿತು. ನಾನು ನೋಡುತ್ತಿದ್ದೆ, ನಡುವೆ "ಒತ್ತಿ, ಇನ್ನೂ ಒತ್ತಿ!" ಎಂದು ಅಧಿಕಪ್ರಸಂಗ ಬೇರೆ ಮಾಡಿದೆ. "ಮುಚ್ಚೇ ಬಾಯ್ನ" ಎಂದರು. ಅಷ್ಟು ಸಂತೋಷದಿಂದ ಬೈಸಿಕೊಂಡದ್ದು ಮತ್ತೆಂದೂ ಇಲ್ಲ.

ಮೊದಲನೇ ಮುದ್ದೆ ಅತ್ತೆಗೆ. ಕನ್ನಡಿಯ ಹಾಗೆ ನುಣ್ಣಗಿತ್ತು. ಅತ್ತೆ ಮುರಿದರು, ಸಾರಿಗೆ ಅದ್ದಿ ನುಂಗಿದರು. ಚೆನ್ನಾಗಿದೆ ಎನ್ನಲಿಲ್ಲ. ಮುಗಿದ ಮೇಲೆ ತಟ್ಟೆ ಮುಂದಕ್ಕೆ ತಳ್ಳಿ, "ಇನ್ನರ್ದ ಇಕ್ಕು ಮಗಾ" ಎಂದರು. ರಾತ್ರಿ ಅರ್ಧ ಮುದ್ದೆಗಿಂತ ಹೆಚ್ಚು ಉಂಡವರಲ್ಲ ನಮ್ಮ ಅತ್ತೆ. ಕೆಂಪಕ್ಕ ಇಕ್ಕಿದರು, ಇಕ್ಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನಂತೂ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನಮ್ಮವರೊಬ್ಬರೇ ಅಳದೆ ಕಟ್ಟೆಯ ತಗ್ಗಿನ ಕಡೆ ದಿಟ್ಟಿಸುತ್ತಿದ್ದರು. ಎದ್ದು ಹೋಗಿ ಅಳೆಯಬೇಕೆನ್ನಿಸಿರಬೇಕು.

ಅಲ್ಲಿಂದ ಮುಂದೆ ಆ ಅಡುಗೆಮನೆ ಕೆಂಪಕ್ಕನದು. ನಾನು ಕಾಳು ಬಿಡಿಸುವವಳು, ನೀರು ತರುವವಳು. ಅದರಲ್ಲಿ ನನಗೆ ಒಂದಿಷ್ಟೂ ಬೇಸರವಿರಲಿಲ್ಲ, ಮುದ್ದೆ ತಪ್ಪಿತಲ್ಲ! ಒಮ್ಮೆ ಸಂತೆಗೆ ಬಂದಿದ್ದ ಅವರ ಗಂಡ ಮನೆಗೂ ಬಂದ. ಕೆಂಪಕ್ಕ ಆಚೆ ಬರಲಿಲ್ಲ. ಒಳಗಿನಿಂದ ಮುದ್ದೆ ಕಳಿಸಿದರು. ಉಂಡು, "ಯಾರು ತೊಳಸಿದ್ದು?" ಎಂದು ಕೇಳಿದ. "ನಮ್ಮ ಮನೆಯ ಕೆಂಪಕ್ಕ" ಎಂದೆ ನಾನು. ಎದ್ದು ಹೋದ.

ಇಷ್ಟೆಲ್ಲ ನೆನೆಸಿಕೊಳ್ಳುವಷ್ಟರಲ್ಲಿ ನಕ್ಷೆಯವನು ಹಾಳೆ ಸುತ್ತುತ್ತಿದ್ದ. ಹೊಸ ಕಾಲದವರಿಗೆ ಚುಚ್ಚಿ ಒಂದು ಮಾತಾಡಬೇಕೆಂದು ಹೊರಟವಳು ನಾನು, ಬಾಯಿಗೆ ಬಂದದ್ದೇ ಬೇರೆ. ನಿಜ ಹೇಳುತ್ತೇನೆ, ನನಗೀಗ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಇನ್ನು ಅಡುಗೆಮನೆ ನನ್ನದಲ್ಲ, ಟಿವಿಯ ಮುಂದೆ ಕೂತರಾಯಿತು ಎಂದು ಒಳಗೊಳಗೇ ಕೈಚೆಲ್ಲಿದ್ದೆ.

"ಇರಪ್ಪ. ಆ ಕಟ್ಟೆಯ ಒಂದು ಕೊನೆ ತಗ್ಗಿಸು. ನಾನು ಕುರ್ಚಿ ಹಾಕಿಕೊಂಡು ಕೂರಬೇಕು" ಎಂದೆ.

"ಲೈನ್ ಹಾಳಾಗುತ್ತೆ ಅಜ್ಜಿ" ಎಂದ.

ಮೊಮ್ಮಗಳು ನನ್ನ ಮುಖ ನೋಡಿದಳು. ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಹಾಕಿದಳು. "ಆಗಲಿ ಬಿಡಿ. ಕೂತ್ಕೋ ಅಜ್ಜಿ. ನೀನು ಕೂತು ಏನು ಮಾಡ್ತೀಯ ಅಂತ ಕೈಯಲ್ಲಿ ಮಾಡಿ ತೋರಿಸು, ಅಷ್ಟು ಎತ್ತರ ಬರಕೊಳ್ಳಲಿ." ನಾನು ಕೂತು ಅವರೆಕಾಯಿ ಸುಲಿಯತೊಡಗಿದೆ, ಬರಿಗಾಳಿಯಲ್ಲಿ.