ನಾಯಿ ಎದ್ದರೆ ಪಾಸ್

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ನಾನು ಡಾಲ್ಫಿನ್‌ಗಳನ್ನು ಕಾಯುವ ಕೆಲಸದಲ್ಲಿದ್ದೆ. ಸಮುದ್ರ ನೋಡಿರಲಿಲ್ಲ. ನಮ್ಮ ಓನರ್ ಒಂದು ಸಲ ನೋಡಿದ್ದರು, ಆದರೆ ಚಪ್ಪಲಿ ಕೊಚ್ಚಿಕೊಂಡು ಹೋಯಿತು ಎಂಬುದನ್ನು ಬಿಟ್ಟು ಅದರ ಬಗ್ಗೆ ಬೇರೇನೂ ಹೇಳುತ್ತಿರಲಿಲ್ಲ.

ನಾವು ಮಾಡುತ್ತಿದ್ದದ್ದು ಬಾಳೆಕಾಯಿ ಗಾತ್ರದ ಪ್ಲಾಸ್ಟಿಕ್ ಕೊಳವೆ. ಒಳಗೆ ಬ್ಯಾಟರಿ ಮತ್ತು ಒಂದು ಪುಟ್ಟ ಸರ್ಕ್ಯೂಟ್. ನೀರಿಗೆ ಬಿದ್ದ ಕೂಡಲೇ ಅದು ಕೀಚಲು ದನಿಯಲ್ಲಿ ಕೂಗಬೇಕು. ಮೀನಿನ ಬಲೆಗೆ ಇಷ್ಟಿಷ್ಟು ದೂರಕ್ಕೆ ಒಂದೊಂದನ್ನು ಕಟ್ಟಿದರೆ ಆ ಸದ್ದಿಗೆ ಡಾಲ್ಫಿನ್ ಬಲೆಯ ಹತ್ತಿರ ಬರುವುದಿಲ್ಲ. ನಮ್ಮ ಮಾಲು ಹೋಗುತ್ತಿದ್ದ ದೇಶದಲ್ಲಿ ಇದು ಕಾನೂನು. ಕೂಗುವ ಕೊಳವೆ ಇಲ್ಲದೆ ಬೋಟು ಹೊರಡುವಂತಿಲ್ಲ. ಅಷ್ಟಾಗಿಯೂ ಡಾಲ್ಫಿನ್ ಸಿಕ್ಕಿ ಸತ್ತರೆ ಬೋಟಿನವನೇ ಪುಸ್ತಕದಲ್ಲಿ ಬರೆದು ತೋರಿಸಬೇಕು. ನಡುನೀರಿನಲ್ಲಿ ಯಾರೂ ನೋಡದೆ ಆದದ್ದನ್ನು ಯಾವ ಪುಣ್ಯಾತ್ಮ ಬರೆದುಕೊಡುತ್ತಾನೆ ಎಂದು ಟೀ ಹೊತ್ತಿನಲ್ಲಿ ನಾವು ನಗುತ್ತಿದ್ದೆವು.

ನಾನು ಫೈನಲ್ ಇನ್‌ಸ್ಪೆಕ್ಟರ್. ಪ್ರತಿ ಪೀಸನ್ನೂ ನೀಲಿ ಡ್ರಮ್ಮಿನ ಉಪ್ಪುನೀರಿನಲ್ಲಿ ಮುಳುಗಿಸಿ, ಸದ್ದು ಅಳೆಯುವ ಮೀಟರ್ ನೋಡಿ, ಶೀಟಿನಲ್ಲಿ ಪಾಸ್ ಎಂದು ಬರೆದು ಸಹಿ ಹಾಕುವವಳು. ಇದಕ್ಕೆ ಮುಂಚೆ ಹದಿನೆಂಟು ವರ್ಷ ಹಿಂದಿನ ರಸ್ತೆಯ ಪ್ರೆಸ್ ಶಾಪಿನಲ್ಲಿ ತಗಡು ಬಡಿಯುವ ಮಷೀನಿನ ಮುಂದೆ ನಿಂತಿದ್ದೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎನ್ನುತ್ತಿದ್ದರು, ಹತ್ತಿ ಕೊಡುತ್ತಿರಲಿಲ್ಲ. ಹಾಗಾಗಿ ಕೂತು ಮಾಡುವ ಕೆಲಸ ಸಿಕ್ಕಿದ್ದು ನನಗೆ ಸಣ್ಣ ವಿಷಯವಲ್ಲ. ದಾಸರಹಳ್ಳಿಯ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಒಂದು ದಿನ ಮೀಟರ್ ಕೆಟ್ಟು ರಿಪೇರಿಗೆ ಹೋಯಿತು.

"ಒಂದ್ ವಾರ ಕಿವೀಲೇ ನೋಡಮ್ಮ," ಎಂದರು ಓನರ್. "ಕೂಗಿದ್ರೆ ಪಾಸು, ಕೂಗ್ದಿದ್ರೆ ಫೇಲು. ಇದ್ರಲ್ಲಿ ಏನಿದೆ?"

ನಲವತ್ತು ಪೀಸ್ ಮುಳುಗಿಸಿದೆ. ಒಂದೂ ಕೂಗಲಿಲ್ಲ. ಎಲ್ಲವನ್ನೂ ಕೆಂಪು ಡಬ್ಬಕ್ಕೆ ಹಾಕಿ, ವೈರು ಬೆಸೆಯುವ ಹೆಂಗಸನ್ನು ಕರೆದು ಚೆನ್ನಾಗಿ ಬೈದೆ. ಆಕೆ ಒಂದನ್ನು ನೀರಿಗೆ ಹಾಕಿ ಎರಡೂ ಕಿವಿ ಮುಚ್ಚಿಕೊಂಡಳು.

"ಏನಕ್ಕ, ತಲೆ ಸಿಡಿಯೋ ಹಂಗೆ ಕೂಗ್ತಿದೆ, ಆಚೆ ತೆಗೀರಿ!"

"ಗೊತ್ತು ಬಿಡು," ಎಂದೆ. "ನಿಂಗೆ ಗೊತ್ತೈತಾ ಅಂತ ನೋಡ್ದೆ."

ನಮ್ಮ ಬೀದಿಯಲ್ಲಿ ಜೀರುಂಡೆ ಸದ್ದು ನಿಂತು ವರ್ಷಗಳಾಗಿದ್ದವು. ಮೆಟ್ರೋ ಬಂದು ಎಲ್ಲ ಸತ್ತವು ಎಂದು ನಾನು ಮೆಟ್ರೋಗೆ ಬೈದುಕೊಂಡು ಓಡಾಡುತ್ತಿದ್ದೆ. ಅಂದು ಸಂಜೆ ಪಕ್ಕದ ಮನೆಯವಳನ್ನು ಕೇಳಿದೆ. "ಎಲ್ಲಿ ಸತ್ತವೆ? ಪ್ರಾಣ ತಿಂತವೆ," ಎಂದಳು. ಮೆಟ್ರೋ ಮೇಲಿನ ಸಿಟ್ಟು ಇಳಿಯಿತು. ಭಯ ಶುರುವಾಯಿತು. ಮಾತು ಕೇಳಿಸುತ್ತಿತ್ತು, ಬಸ್ಸು ಕೇಳಿಸುತ್ತಿತ್ತು, ಕೀಚಲು ದನಿ ಮಾತ್ರ ಹೋಗಿತ್ತು. ನನ್ನ ಕೆಲಸಕ್ಕೆ ಬೇಕಾಗಿದ್ದದ್ದು ಅದೊಂದೇ. ಹೇಳಿದರೆ ಮತ್ತೆ ತಗಡು ಬಡಿಯಲು ನಿಲ್ಲಬೇಕು. ಹೇಳಲಿಲ್ಲ.

ಉಪಾಯ ತೋರಿಸಿದ್ದು ಶೆಡ್ಡಿನ ನಾಯಿ. ಡ್ರಮ್ಮಿನ ಪಕ್ಕ ತಂಪಿಗೆ ಮಲಗಿರುತ್ತಿತ್ತು. ಪೀಸ್ ಮುಳುಗಿಸಿದರೆ ಧಡಕ್ಕನೆ ಎದ್ದು ಗೇಟಿನ ತನಕ ಓಡುತ್ತಿತ್ತು. ಓಡಿದರೆ ಪಾಸ್ ಎಂದು ಇಟ್ಟುಕೊಂಡೆ. ಎರಡು ಪೀಸಿಗೆ ಓಡಲಿಲ್ಲ. ಬೆಸೆಯುವ ಹೆಂಗಸಿಗೆ ಕೊಟ್ಟರೆ ಎರಡೂ ಕೆಟ್ಟಿವೆ ಎಂದಳು. ಮೀಟರಿಗಿಂತ ನಾಯಿ ವಾಸಿ ಅನ್ನಿಸಿತು. ಆದರೆ ಮುಂದಿನ ಪೀಸಿಗೆ ಅದು ವಾಪಸ್ ಬರಬೇಕಲ್ಲ? ಬಿಸ್ಕತ್ತು ತೋರಿಸಿ ಕರೆಯುತ್ತಿದ್ದೆ.

ವಾರ ಎಂದದ್ದು ಮೂರು ತಿಂಗಳಾಯಿತು. ಮೀಟರ್ ಬರಲಿಲ್ಲ. ನಾಯಿ ಬರಬರುತ್ತಾ ಓಡುವುದನ್ನು ಬಿಟ್ಟು, ಎದ್ದು ನಿಂತು ನನ್ನ ಮುಖ ನೋಡತೊಡಗಿತು. ಪಾಪ, ಅಭ್ಯಾಸವಾಗಿದೆ ಎಂದುಕೊಂಡು ನಾನೂ ನಿಯಮ ಸಡಿಲಿಸಿದೆ. ಎದ್ದರೆ ಪಾಸ್. ಆಮೇಲೆ ಒಂದೂ ಫೇಲಾಗಲಿಲ್ಲ. ರಿಜೆಕ್ಷನ್ನೇ ಇಲ್ಲವೆಂದು ಓನರ್ ಎಲ್ಲರೆದುರು ನನ್ನನ್ನು ಹೊಗಳಿದರು. ನಾಯಿಗೆ ಬಿಸ್ಕತ್ತಿನ ದೊಡ್ಡ ಪ್ಯಾಕೆಟ್ ತಂದೆ.

ಇನ್ನೂ ಕೆಲವು ತಿಂಗಳಾದ ಮೇಲೆ, ಮಾಲು ಕೊಳ್ಳುವ ಕಂಪನಿಯ ಕಡೆಯಿಂದ ಮಂಗಳೂರಿನ ಒಬ್ಬರು ಬಂದರು. ಪ್ಲಾಸ್ಟಿಕ್ ಚೀಲದಿಂದ ನಮ್ಮದೇ ಒಂದು ಕೊಳವೆ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಕಟ್ಟಿದ್ದ ಕಡೆಯೇ ಬಲೆಯಲ್ಲಿ ಡಾಲ್ಫಿನ್ ಸತ್ತಿತ್ತಂತೆ.

"ನೀರಲ್ಲಿರೋದು ನೀರಲ್ಲೇ ಎಂಗೆ ಸಾಯ್ತೈತೆ ಸಾರ್?" ಎಂದೆ.

"ಅದು ಮೀನಲ್ಲ ಅಮ್ಮಾ. ಉಸಿರಾಡ್ಲಿಕ್ಕೆ ಮೇಲೆ ಬರ್ಬೇಕು. ಬಲೆ ಬಿಡ್ಲಿಲ್ಲ."

ಬೋಟಿನವನೇ ಅದನ್ನು ಪುಸ್ತಕದಲ್ಲಿ ಬರೆದಿದ್ದ. ಬರೆದದ್ದರಿಂದಲೇ ಅಧಿಕಾರಿಗಳು ಬಂದು ಬಲೆ ನೋಡಿದರು. ಈ ಕೊಳವೆ ಕೂಗಲಿಲ್ಲ. ಸತ್ತ ಕೊಳವೆ ಕಟ್ಟಿಕೊಂಡು ಹೋಗಿದ್ದಾನೆ ಎಂದು ಅವನ ಪರವಾನಗಿ ತಡೆಹಿಡಿದರು. ಅವನು, ಹೊಸ ಪೀಸು, ಅದೇ ವಾರ ಡಬ್ಬ ಒಡೆದದ್ದು ಎನ್ನುತ್ತಿದ್ದಾನೆ.

"ಇಲ್ಲಿಂದ ಹೋಗುವಾಗ ಇದು ಕೂಗ್ತಾ ಇತ್ತಾ? ಅಷ್ಟೇ ಬೇಕು ನಂಗೆ. ಇತ್ತು ಅಂತಾದ್ರೆ ತಪ್ಪು ಅವನದ್ದೇ."

"ಒಂದೊಂದ್ ಪೀಸೂ ಚೆಕ್ ಆಗಿದೆ ಸಾರ್," ಎಂದು ಓನರ್ ಶೀಟ್ ತೆಗೆದು ನನ್ನ ಸಹಿ ತೋರಿಸಿದರು. "ತೋರ್ಸಮ್ಮ, ಹೆಂಗೆ ಚೆಕ್ ಮಾಡ್ತೀಯ ಅಂತ."

ಕೈಗೆ ಸಿಕ್ಕಿದ ಅದೇ ಕೊಳವೆಯನ್ನು ಮುಳುಗಿಸಿದೆ. ಸತ್ತಿದೆ ಎಂದು ಮೂವರಿಗೂ ಗೊತ್ತಿದ್ದ ಕೊಳವೆ. ನಾಯಿ ಎದ್ದು ಬಾಲ ಆಡಿಸಿತು.

"ಒಳ್ಳೆ ನಾಯಿ," ಎಂದರು ಮಂಗಳೂರಿನವರು.

ಅವರಿಗೆ ಅದು ನಾಯಿ, ಅಷ್ಟೇ. ನನಗೆ ಮಾತ್ರ ಅರ್ಥವಾಯಿತು. ಅದು ಎಷ್ಟೋ ದಿನದಿಂದ ಸದ್ದಿಗೆ ಏಳುತ್ತಿರಲಿಲ್ಲ, ನನ್ನ ಕೈ ಡ್ರಮ್ಮಿಗೆ ಹೋದದ್ದಕ್ಕೆ, ಬಿಸ್ಕತ್ತಿನ ಆಸೆಗೆ ಏಳುತ್ತಿತ್ತು. ಎಲ್ಲೋ ಒಬ್ಬ, ಯಾರೂ ನೋಡದ್ದನ್ನು ತಾನೇ ಬರೆದು ದೋಣಿ ದಡಕ್ಕೆ ಕಟ್ಟಿ ಕೂತಿದ್ದ. ನಾನು ಬಾಯಿ ಮುಚ್ಚಿಕೊಂಡರೆ ನನ್ನ ಸಹಿಯೇ ಅವನನ್ನು ಸುಳ್ಳುಗಾರನನ್ನಾಗಿ ಮಾಡುತ್ತಿತ್ತು. ನಾಚಿಕೆಯಾಯಿತು.

"ಸಾರ್, ಇದು ಕೂಗೋದು ನಂಗೆ ಕೇಳ್ಸಲ್ಲ," ಎಂದೆ. "ನಾಯಿ ನೋಡ್ಕೊಂಡು ಸೈನ್ ಹಾಕ್ತಿದ್ದೆ."

ಓನರ್ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು.

ಅದೇ ಸಲದ ಮಾಲಿನ ಒಂದು ಡಬ್ಬ ಇನ್ನೂ ಶೆಲ್ಫಿನಲ್ಲಿತ್ತು. ಮಂಗಳೂರಿನವರು ಬೆಸೆಯುವ ಹೆಂಗಸನ್ನು ಕರೆಸಿ ಒಂದೊಂದಾಗಿ ನನ್ನ ಕೈಯಿಂದಲೇ ಮುಳುಗಿಸಿದರು. ಪ್ರತಿಯೊಂದಕ್ಕೂ ಆಕೆ ಕಿವಿ ಮುಚ್ಚಿಕೊಂಡಳು. ಮೂರಕ್ಕೆ ಮಾತ್ರ ಕೈ ಎತ್ತಲಿಲ್ಲ. ಆ ಮೂರಕ್ಕೂ ನಾಯಿ ಎದ್ದಿತ್ತು.

ಅವರು ಕೂತು ಒಂದು ಕಾಗದ ಬರೆದರು. ಈ ಮಾಲು ಇಲ್ಲಿ ಪರೀಕ್ಷೆಯಾಗದೆ ಹೋಗಿದೆ, ಬೋಟಿನವನು ಹೇಳಿದ್ದನ್ನು ನಂಬಬಹುದು, ಎಂದು. ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದರು.

"ಅದಕ್ಕೆ ಸೈನ್ ಹಾಕಿದ್ರೆ ನಾಳೆಯಿಂದ ಬರ್ಬೇಡಮ್ಮ," ಎಂದರು ಓನರ್, ಗೋಡೆ ನೋಡುತ್ತಾ.

"ಕೇಳಿಸ್ತಾ ಅಮ್ಮಾ?" ಎಂದರು ಮಂಗಳೂರಿನವರು. ಯಾವುದನ್ನು ಕೇಳುತ್ತಿದ್ದಾರೆ ಎಂದು ನಾನು ವಿಚಾರಿಸಲಿಲ್ಲ. ಇಬ್ಬರು ಹೇಳಿದ್ದೂ ಪೂರ್ತಿ ಕೇಳಿಸಿತ್ತು. ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.