ಮೂರು ಮೀಟರ್ ಮಖಮಲ್ಲು

ನಂಬದಿದ್ದರೆ ಬಿಡಿ, ಹುಬ್ಬು ಮಾತ್ರ ಹಾರಿಸಬೇಡಿ. ಕತ್ತರಿ ಕಂಡರೆ ಬೆವರುವ ಹುಡುಗಿ ಫ್ಯಾಶನ್ ಡಿಸೈನ್ ಓದಲು ಸೇರಿದಳು ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮ ಕಾರ್ಖಾನೆಯ ಕಟಿಂಗ್ ಮೇಜು ಎಷ್ಟು ಉದ್ದವಿತ್ತೆಂದರೆ, ಆ ತುದಿಗೆ ಚಾಕ್ ತರಲು ಹೋದವನು ಗಡ್ಡ ಬಿಟ್ಟುಕೊಂಡು ವಾಪಸು ಬಂದ ಎಂದು ಹಿಂದೊಮ್ಮೆ ನಿಮಗೆ ಹೇಳಿದ್ದೆನಲ್ಲ, ಅದರಲ್ಲಿ ಗಡ್ಡ ಸ್ವಲ್ಪ ಜಾಸ್ತಿಯಾಯಿತು, ಒಪ್ಪಿದೆ. ಆದರೆ ಇದು ನನ್ನ ಮಗನ ಮಗಳ ವಿಷಯ. 

ಅವಳನ್ನು ಮನೆಯಲ್ಲಿ ಎಲ್ಲರೂ ಪುಕ್ಕಿ ಎನ್ನುತ್ತೇವೆ. ಪುಕ್ಕಲಿ ಎಂದು ಪೂರ್ತಿ ಕರೆಯಲು ಮನಸ್ಸಾಗದೆ ನಾನೇ ಇಟ್ಟ ಹೆಸರು. ಕುಕ್ಕರ್ ಕೂಗಿದರೆ ಬೆಚ್ಚುತ್ತಾಳೆ. ಲಿಫ್ಟಿನ ಬಾಗಿಲು ಮುಚ್ಚಿಕೊಂಡು ತೆರೆಯದಿದ್ದರೆ ಏನು ಗತಿ ಎಂದು ಐದು ಮಹಡಿ ಮೆಟ್ಟಿಲು ಹತ್ತುತ್ತಾಳೆ. ಆದರೆ ಪೆನ್ಸಿಲ್ ಹಿಡಿದು ಕೂತಳೋ, ಕಾಗದದ ಮೇಲಿನ ಅಂಗಿಯ ತೋಳೊಳಗೆ ಗಾಳಿ ಆಡಿದ್ದು ನಿಮಗೆ ಕಾಣುತ್ತದೆ. ಆ ಚಿತ್ರಗಳನ್ನು ನೋಡಿಯೇ ಕಾಲೇಜಿನವರು ಸೀಟು ಕೊಟ್ಟದ್ದು. ಕತ್ತರಿಯ ವಿಷಯ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೊದಲ ದಿನವೇ ಕಾಲೇಜಿನ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ನನಗೆ ಫೋನ್ ಮಾಡಿದಳು.

"ತಾತ, ಇಲ್ಲಿ ಒಂದು ದೊಡ್ಡ ಹಾಲ್ ಇದೆ. ಬಟ್ಟೆ ತೊಡಿಸೋ ಬೊಂಬೆಗಳು ತುಂಬಾ ನಿಂತಿವೆ. ಯಾವುದಕ್ಕೂ ತಲೆ ಇಲ್ಲ."

"ನಮ್ಮ ಮ್ಯಾನೇಜರಿಗೂ ಇರ್ಲಿಲ್ಲ ಕಣೇ. ಆದ್ರೂ ಕಾರ್ಖಾನೆ ಮೂವತ್ತೆಂಟು ವರ್ಷ ನಡೀತು. ಹೋಗು ಒಳಗೆ."

ಹೋದಳು. ಆದರೆ ಬೊಂಬೆಗಳಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ತಲೆ ಇದ್ದವರೊಬ್ಬರು. ಕಟಿಂಗ್ ಹೇಳಿಕೊಡುವ ಮೇಡಂ. ಯಾವಾಗಲೂ ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡೇ ಇರುತ್ತಿದ್ದರಂತೆ, ಮಾತು ಕಡಿಮೆ. ಬೆನ್ನ ಹಿಂದೆ ಬಂದು ನಿಂತರೆ ಹುಡುಗರ ಕತ್ತಿನ ಕೂದಲು ನೆಟ್ಟಗಾಗುತ್ತಿತ್ತು. ಹೊಲಿಗೆ ಒಂದೆಳೆ ಆಚೀಚೆ ಹೋಗಿದ್ದರೆ ಬೈಯುವುದೂ ಇಲ್ಲ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಪೂರ್ತಿ ಬಿಚ್ಚಿ, ಆ ದಾರವನ್ನು ಹುಡುಗಿಯ ಅಂಗೈಯಲ್ಲಿಟ್ಟು, "ಜೋಪಾನ" ಎಂದು ಮುಂದಕ್ಕೆ ಹೋಗುವುದು. ಪುಕ್ಕಿ ಆ ದಾರಗಳನ್ನು ನಿಜಕ್ಕೂ ಜೋಪಾನ ಮಾಡಿದಳು ಕಣ್ರೀ! ಮೊದಲು ಬೆಂಕಿಪೊಟ್ಟಣದಲ್ಲಿ, ಆಮೇಲೆ ಡಬ್ಬಿಯಲ್ಲಿ. ಅರ್ಧ ವರ್ಷ ಕಳೆಯುವಷ್ಟರಲ್ಲಿ ಒಂದು ದಿಂಬಿಗೆ ತುಂಬುವಷ್ಟಾಗಿತ್ತು. ಸರಿ, ಸಣ್ಣ ದಿಂಬಿಗೆ.

ಹೊಲಿಗೆ ಹೇಗೋ ಕೈಗೆ ಹತ್ತಿತು. ಕತ್ತರಿಯ ಭಯ ಮಾತ್ರ ಬಿಡಲಿಲ್ಲ.

"ಚಿತ್ರ ತಪ್ಪಿದ್ರೆ ಅಳಿಸ್ತೀನಿ. ಹೊಲಿಗೆ ತಪ್ಪಿದ್ರೆ ಬಿಚ್ತೀನಿ. ಕತ್ತರಿಸಿದ್ದನ್ನ ಏನ್ ಮಾಡ್ಲಿ ತಾತ?" ಎಂದಳು ಒಂದು ದಿನ.

ಮೂವತ್ತೆಂಟು ವರ್ಷ ಬಟ್ಟೆ ಕತ್ತರಿಸಿ ಅನ್ನ ತಿಂದವನು ನಾನು. ನನ್ನ ಪಕ್ಕದಲ್ಲೇ ಕೂತು ಕತ್ತರಿಸು ಎಂದೆ. ಹಾಗಾಗಿ ಕತ್ತರಿಸುವ ಕೆಲಸವನ್ನೆಲ್ಲ ಅವಳು ಮನೆಗೇ ತರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಮೊಣಕೈ ಹಿಡಿದುಕೊಳ್ಳುವುದು, ಅವಳು ಒಂದು ಕಣ್ಣು ಮುಚ್ಚಿಕೊಂಡು ಕತ್ತರಿ ಆಡಿಸುವುದು. ಹೀಗೇ ವರ್ಷ ಸಾಗಿತು.

ವರ್ಷದ ಕೊನೆಗೆ ಪರೀಕ್ಷೆ. ಕಾಲೇಜಿನಿಂದಲೇ ಒಬ್ಬೊಬ್ಬರಿಗೆ ಮೂರು ಮೀಟರ್ ಮಖಮಲ್ಲು, ನೇರಳೆ ಬಣ್ಣದ್ದು. ಇನ್ನೊಂದು ಇಂಚು ಕೇಳುವಂತಿಲ್ಲ. ಅದರಲ್ಲಿ ಒಂದು ಗಿಡ್ಡ ಕೋಟು ಮಾಡಿ ಮೂವರು ಪರೀಕ್ಷಕರ ಮುಂದೆ ನಿಲ್ಲಿಸಬೇಕು. ಬಟ್ಟೆ ಕೆಡಿಸಿದವರು ಮೊದಲ ವರ್ಷವನ್ನೇ ಇನ್ನೊಮ್ಮೆ ಓದಬೇಕು.

"ಮತ್ತೆ ಮೊದಲಿಂದ ಆ ಹಾಲಿಗೆ ಹೋಗೋಕೆ ನನ್ ಕೈಲಿ ಆಗಲ್ಲ ತಾತ. ಫೇಲಾದ್ರೆ ಓದೇ ಬಿಟ್ಬಿಡ್ತೀನಿ" ಎಂದಳು ಪುಕ್ಕಿ. ಹೆದರಿಸಲು ಹೇಳಿದ ಮಾತಲ್ಲ. ಅವಳ ತುಟಿ ಬಿಳಿಚಿತ್ತು.

ಊಟದ ಮೇಜಿನ ಮೇಲೆ ಬಟ್ಟೆ ಹರಡಿದೆವು. ಕೋಟಿನ ಭಾಗಗಳನ್ನು ಅವಳು ಕಾಗದದಲ್ಲಿ ಕತ್ತರಿಸಿಟ್ಟಿದ್ದಳು: ಬೆನ್ನು, ಮುಂಭಾಗ ಎರಡು, ತೋಳು ಎರಡು, ಕಾಲರ್. ಅವನ್ನು ಬಟ್ಟೆಯ ಮೇಲೆ ಹೇಗೆ ಜೋಡಿಸುವುದು ಎನ್ನುವುದರಲ್ಲೇ ಕಟಿಂಗ್‌ನವನ ಜಾಣತನ ಇರುವುದು. ನನಗೆ ಹುರುಪು ಬಂತು. ಒಂದು ತುಂಡಿನ ತಲೆ ಮೇಲಕ್ಕೆ, ಇನ್ನೊಂದರದ್ದು ಕೆಳಕ್ಕೆ, ಒಂದೇ ಮಂಚದಲ್ಲಿ ನಾಲ್ಕು ಮಕ್ಕಳನ್ನು ಹಿಂದುಮುಂದಾಗಿ ಮಲಗಿಸಿದ ಹಾಗೆ ಜೋಡಿಸಿದೆ. ಮುಕ್ಕಾಲು ಮೀಟರ್ ಉಳಿಯಿತು!

ಅವಳು ಉಗುರು ಕಚ್ಚಿಕೊಂಡು ನಿಂತಿದ್ದಳು. "ತಾತ, ಕ್ಲಾಸಲ್ಲಿ ಎಲ್ಲಾ ಒಂದೇ ಕಡೆ ಮುಖ ಮಾಡಿರ್ಬೇಕು ಅಂದ ಹಾಗಿತ್ತು."

"ಅಂದ ಹಾಗಿತ್ತೋ, ಅಂದ್ರೋ?"

"ಆವತ್ತು ಮೇಡಂ ನನ್ ಹಿಂದೇನೇ ನಿಂತಿದ್ರು. ಸರಿಯಾಗಿ ಬರ್ಕೊಂಡಿಲ್ಲ."

"ನಿಮ್ ಮೇಡಂ ತೊಟ್ಟಿಲಲ್ಲಿದ್ದಾಗ ನಾನು ಸೈನ್ಯದ ಒಂದು ಇಡೀ ಪಟಾಲಮ್ಮಿಗೆ ಪ್ಯಾಂಟು ಕತ್ತರಿಸಿದ್ದೆ. ಹಿಡಿ ಕತ್ತರಿ."

ಹಿಡಿದಳು. ನಾನು ಮೊಣಕೈ ಹಿಡಿದೆ. ಒಂದು ಕಣ್ಣು ಮುಚ್ಚಿದಳು.

ಒಂದು ವಾರ ಕೂತು ಹೊಲಿದಳು. ಅವಳ ಕೋಣೆಯ ಹಳದಿ ಬಲ್ಬಿನ ಕೆಳಗೆ ಕೋಟು ರಾಜಗಾಂಭೀರ್ಯದಿಂದ ಬೀರುವಿನ ಹಿಡಿಗೆ ನೇತಾಡುತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಚೀಲ ಹೊರಲು ನಾನೂ ಹೊರಟೆ. ಉಳಿದ ಮುಕ್ಕಾಲು ಮೀಟರನ್ನೂ ಮಡಚಿ ಚೀಲದೊಳಗೆ ಇಟ್ಟೆ. ನೋಡಲಿ, ಈ ಮನೆಯಲ್ಲಿ ಎಂಥ ಕೈ ಇದೆ ಎಂದು!

ಆ ಬೊಂಬೆಗಳ ಹಾಲಿಗೆ ಆಳೆತ್ತರದ ಕಿಟಕಿಗಳು. ಬಿಸಿಲು ಧಾರಾಳವಾಗಿ ಬಿದ್ದಿತ್ತು. ಪುಕ್ಕಿ ಕೋಟನ್ನು ಬೊಂಬೆಗೆ ತೊಡಿಸಿ, ಗುಂಡಿ ಹಾಕಿ, ಎರಡು ಹೆಜ್ಜೆ ಹಿಂದೆ ಬಂದಳು. ಆಮೇಲೆ ಅಲುಗಾಡಲೇ ಇಲ್ಲ.

ನಾನೂ ನೋಡಿದೆ. ಬಲಗಡೆ ತಿಳಿ ನೇರಳೆ. ಎಡಗಡೆಯ ಮುಂಭಾಗ, ಎಡತೋಳು ಎರಡೂ ಶಾಯಿ ಸುರಿದ ಹಾಗೆ ಕಪ್ಪು.

ಮಖಮಲ್ಲು ಬೆಕ್ಕಿನ ಬೆನ್ನಿದ್ದ ಹಾಗೆ ಕಣ್ರೀ. ಅದರ ಮೇಲಿನ ನವಿರು ಕೂದಲೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತದೆ. ತುಂಡನ್ನು ತಲೆಕೆಳಗು ಮಾಡಿದರೆ ಹಳದಿ ಬಲ್ಬಿನ ಕೆಳಗೆ ಗೊತ್ತಾಗದು, ಬಿಸಿಲಿನಲ್ಲಿ ಅದರ ಬಣ್ಣವೇ ಬೇರೆ. ಇದು ನನಗೆ ಗೊತ್ತಿರಬೇಕಿತ್ತು. ಆದರೆ ನಾನು ಮೂವತ್ತೆಂಟು ವರ್ಷ ಕತ್ತರಿಸಿದ್ದು ಬರೀ ಯೂನಿಫಾರ್ಮಿನ ಕಾಟನ್. ಅದನ್ನು ಹೇಗೆ ಇಟ್ಟರೂ ಒಂದೇ. ಮಖಮಲ್ಲನ್ನು ನಾನು ಮುಟ್ಟಿದ್ದು ಒಡವೆ ಪೆಟ್ಟಿಗೆಯೊಳಗೆ ಮಾತ್ರ.

ಅವಳ ಕಿವಿಯ ಬಳಿ ಬಗ್ಗಿ, "ಬೇಕಂತ್ಲೇ ಮಾಡಿದ್ದು ಅನ್ನು. ಡಿಸೈನ್ ಅನ್ನು" ಎಂದೆ.

"ಸುಮ್ನಿರು ತಾತ" ಎಂದಳು. ಅಳುತ್ತಿರಲಿಲ್ಲ. ಅಳುವಷ್ಟೂ ಉಸಿರು ಇರಲಿಲ್ಲ ಅವಳಿಗೆ.

ಹೊರಗಿನವರನ್ನು ಬಾಗಿಲಾಚೆ ಕಳಿಸಿದರು. ಬಾಗಿಲು ಅರ್ಧ ತೆರೆದೇ ಇತ್ತು. ನಾನು ಬೆಂಚಿನ ತುದಿಯಲ್ಲಿ ಕೂತು ಇಣುಕುತ್ತಿದ್ದೆ. ಮೂವರು ಬಂದರು. ಪಿನ್ನಿನ ಮೇಡಂ, ಬಟ್ಟೆ ಕಾರ್ಖಾನೆಯ ಒಬ್ಬ ದಪ್ಪ ಮನುಷ್ಯ, ಕಾಗದದಿಂದ ತಲೆಯೆತ್ತದ ಇನ್ನೊಬ್ಬ ಹೆಂಗಸು. ಮೇಡಂ ಕೋಟಿನ ಎಡಗಡೆ ಬೆರಳಾಡಿಸಿದರು. ಬಲಗಡೆ ಆಡಿಸಿದರು. ಬಾಯಿಂದ ಪಿನ್ನುಗಳನ್ನು ತೆಗೆದರು. ಅದನ್ನು ನೋಡಿಯೇ ನನಗೆ ಗೊತ್ತಾಯಿತು, ಕೆಲಸ ಕೆಟ್ಟಿತು ಎಂದು.

"ಇದೇನಿದು?"

ದಪ್ಪ ಮನುಷ್ಯನಿಗೆ ಕನಿಕರ ಬಂತೋ ಏನೋ. "ಎರಡು ಶೇಡ್ ಬರ್ಲಿ ಅಂತ ಮಾಡಿದ್ಯೇನಮ್ಮಾ?" ಎಂದ.

ಆ ಮಾತನ್ನೇ ಹಿಡಿದುಕೋ, ಹಿಡಿದುಕೋ ಎಂದು ನಾನು ಹೊರಗೆ ಒದ್ದಾಡುತ್ತಿದ್ದೆ.

"ಇಲ್ಲ ಸರ್. ತಪ್ಪಾಗಿದೆ. ಎಡಗಡೆ ತುಂಡುಗಳನ್ನ ತಲೆಕೆಳಗಾಗಿ ಇಟ್ಟು ಕತ್ತರಿಸಿದ್ದೀನಿ."

"ಹಾಗೆ ಇಡು ಅಂತ ಯಾರು ಹೇಳಿದ್ರು?" ಎಂದರು ಮೇಡಂ.

"ಯಾರೂ ಇಲ್ಲ. ನಾನೇ ಇಟ್ಟೆ."

ಕೂತಿರಲಾಗಲಿಲ್ಲ. ಒಳಗೆ ನುಗ್ಗಿದೆ. "ನಾನಮ್ಮಾ, ನಾನು ಇಟ್ಟಿದ್ದು. ಅವಳು ಬೇಡ ಅಂದ್ಳು. ನಾನೇ ಮಹಾ ಬಲ್ಲವನ ಹಾಗೆ..."

ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಟೇಪು ಬೇಕಾಗಲಿಲ್ಲ. "ಅಂದ್ರೆ ಇದು ನಿಮ್ಮ ಕಟಿಂಗ್. ಇವಳು ವರ್ಷವಿಡೀ ಕತ್ತರಿ ಹಿಡಿದೇ ಇಲ್ಲ, ಅಲ್ವಾ?"

ನೋಡಿ, ಕಾಪಾಡಲು ಹೋದವನು ಅವಳ ಕಾಲ ಕೆಳಗಿದ್ದ ಹಲಗೆಯನ್ನೂ ಎಳೆದುಬಿಟ್ಟೆ.

"ಬಟ್ಟೆ ಉಳಿದಿದ್ಯಾ?" ಎಂದರು ಮೇಡಂ. ನಾನು ಚೀಲಕ್ಕೆ ಕೈ ಹಾಕಿ ಮುಕ್ಕಾಲು ಮೀಟರ್ ತೆಗೆದೆ. "ಸರಿ. ಇಲ್ಲೇ, ನಮ್ಮೆದುರಿಗೇ ಕತ್ತರಿಸಿ, ಬದಲಾಯಿಸು. ಆಗ್ದಿದ್ರೆ ಮೊದಲ ವರ್ಷನೇ ಮತ್ತೆ. ತಾತ, ನೀವು ಗೋಡೆ ಹತ್ರ. ಕೈ ಕಟ್ಕೊಂಡು."

ಕೈ ಕಟ್ಟಿದೆ. ನನ್ನ ಇಡೀ ಜೀವಮಾನದಲ್ಲಿ ಆ ಗೋಡೆಯಷ್ಟು ತಣ್ಣಗಿನ ಗೋಡೆಗೆ ನಾನು ಒರಗಿಲ್ಲ.

ಪುಕ್ಕಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಅಳೆದಳು. "ಮುಂಭಾಗಕ್ಕೆ ಮಾತ್ರ ಸಾಕಾಗುತ್ತೆ ಮೇಡಂ. ತೋಳು ಹಾಗೇ ಇರ್ಬೇಕಾಗುತ್ತೆ." ಧ್ವನಿ ಇಲಿಯದ್ದು. ಮೇಡಂ ತಲೆಯಾಡಿಸಿದರು. ಅವಳು ಅಂಗೈಯಿಂದ ಮಖಮಲ್ಲನ್ನು ಸವರಿದಳು. ಹಿಂದಕ್ಕೆ ಸವರಿದಳು. ಮತ್ತೆ ಮುಂದಕ್ಕೆ. ನವಿರು ಮಲಗುವ ಕಡೆಗೆ ಚಾಕ್‌ನಿಂದ ಒಂದು ಬಾಣ ಎಳೆದಳು. ಚಾಕ್ ಎರಡು ತುಂಡಾಯಿತು. ಬಗ್ಗಿ ಎತ್ತಿಕೊಂಡಳು. ಚೀಲದಿಂದ ಮುಂಭಾಗದ ಕಾಗದ ತೆಗೆದಿಟ್ಟು ಪಿನ್ನು ಚುಚ್ಚಿದಳು. ಕತ್ತರಿ ತೆಗೆದುಕೊಂಡಳು. ಕೆಳಗಿಟ್ಟಳು. ಅಂಗೈ ಒರೆಸಿಕೊಂಡಳು. ಬಾಗಿಲು ನನಗಿಂತ ಅವಳಿಗೇ ಹತ್ತಿರವಿತ್ತು. ಓಡುತ್ತಾಳೆ ಎಂದುಕೊಂಡೆ. ನಿಜ ಹೇಳುತ್ತೇನೆ, ಓಡಿದರೆ ನಾನೂ ಹಿಂದೆಯೇ ಓಡಲು ತಯಾರಿದ್ದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಮತ್ತೆ ಕತ್ತರಿ ಎತ್ತಿದಳು. ಮೊಣಕೈ ಹಿಡಿಯಲು ಯಾರೂ ಇರಲಿಲ್ಲ. ಕರ್ ಎಂದು ಮೊದಲ ಸದ್ದು ಬಂತು. ಕತ್ತರಿಯ ಕೆಳ ಅಲಗು ಮೇಜಿಗೆ ಅಂಟಿಕೊಂಡೇ ಸಾಗಿತು. ಕಂಕುಳಿನ ಬಾಗು ಕತ್ತರಿಸುವಲ್ಲಿ ಗೆರೆ ಸ್ವಲ್ಪ ಹಾವಾಯಿತು, ಆಮೇಲೆ ಸರಿಹೋಯಿತು. ನಾನು ಅವಳ ಮುಖ ನೋಡಿದೆ. ಎರಡು ಕಣ್ಣೂ ತೆರೆದಿದ್ದವು.

ಹಳೇ ಹೊಲಿಗೆ ಬಿಚ್ಚಿ, ಹೊಸ ಮುಂಭಾಗ ಕೂರಿಸಿ, ಪಕ್ಕದ ಕೋಣೆಯ ಮಷೀನಿನಲ್ಲಿ ಹೊಲಿದು ಅವಳು ವಾಪಸು ತರುವಷ್ಟರಲ್ಲಿ ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತ್ತು. ಎಡತೋಳು ಮಾತ್ರ ಕಪ್ಪಾಗಿಯೇ ಇತ್ತು.

ಆಗ ಏನಾಯಿತು ಗೊತ್ತೇ? ಆ ಮೂವರೂ ಕುರ್ಚಿ ಬಿಟ್ಟು ಎದ್ದು ನಿಂತರು! ದಪ್ಪ ಮನುಷ್ಯ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ತಲೆಯಿಲ್ಲದ ಬೊಂಬೆಗಳೂ ಒಂದು ಸಲ ಹೀಗೆ ಭುಜ ಕುಣಿಸಿ...

"ತಾತಾ, ಸುಳ್ಳು!" ಕೇಳಿಸಿತೇ? ಒಳಗಿಂದ ಅವಳೇ. "ಯಾರೂ ಎದ್ದಿಲ್ಲ. ನೂರಕ್ಕೆ ನಲವತ್ತೆರಡು ಕೊಟ್ಟು, ಎರಡನೇ ವರ್ಷಕ್ಕೆ ಹೋಗು ಅಂದ್ರು, ಅಷ್ಟೆ."

"ನಲವತ್ತೆರಡು ಅಂದ್ರೆ ಕಮ್ಮಿನಾ? ಪಾಸಾಗೋಕೆ ನಲವತ್ತು ಸಾಕಿತ್ತು. ಎರಡು ಜಾಸ್ತೀನೇ ಬಂತು!"

"ಆ ಎರಡೂ ನಿನ್ ಗಾಬರಿಗೆ ಕೊಟ್ಟಿರ್ಬೇಕು. ಅಮ್ಮ ಆಗ್ಲೇ ಎರಡ್ ಸಲ ಕರೆದ್ರು. ಊಟಕ್ಕೆ ಬಾ, ಆರಿಹೋಗ್ತಿದೆ."

ಬಂದೆ ಕಣೇ, ಬಂದೆ. ಏಳಿ, ನೀವೂ ಕೈ ತೊಳೆಯಿರಿ.